ಆಕಾಶ ನೋಡಿ ಇಂಗ್ಲಿಷ್ ಕಲಿಯೋಣ



ನಮ್ಮ ಹಳ್ಳಿಗಳ ತರುಣ ತರುಣಿಯರಿಗೆ ಇಂಗ್ಲಿಷ್ ಎಂದರೆ ಒಂದು ಬಗೆಯ ಅಂಜಿಕೆ ಇದೆ. ಹತ್ತನೆಯ ತರಗತಿಯಲ್ಲಿ ಆ ಒಂದೇ ವಿಷಯದಲ್ಲಿ ತಪ್ಪಿ ಓದು ಬಿಟ್ಟವರು ಪ್ರತಿಯೊಂದು ಊರಿನಲ್ಲಿಯೂ ಸಿಗುತ್ತಾರೆ. ಆದರೆ ಓದು ಬಿಟ್ಟ ಮಾತ್ರಕ್ಕೆ ಇಂಗ್ಲಿಷ್ ಅವರನ್ನು ಬಿಡುವುದಿಲ್ಲ. ಔಷಧದ ಡಬ್ಬಿಯ ಮೇಲೆ, ಬೀಜದ ಚೀಲದ ಮೇಲೆ, ಬ್ಯಾಂಕಿನ ಕಾಗದದಲ್ಲಿ, ನೌಕರಿಯ ಅರ್ಜಿಯಲ್ಲಿ ಅದು ಎದುರಾಗುತ್ತಲೇ ಇರುತ್ತದೆ. ಆದುದರಿಂದ ಸಂಜೆಯ ಹೊತ್ತು ಪಂಚಾಯಿತಿಯ ಗ್ರಂಥಾಲಯದಲ್ಲಾಗಲಿ, ಶಾಲೆಯ ಜಗುಲಿಯಲ್ಲಾಗಲಿ ಹತ್ತು ಜನ ಕೂಡಿ ಇಂಗ್ಲಿಷ್ ಕಲಿಯುವ ಏರ್ಪಾಡು ಮಾಡಿಕೊಂಡರೆ ಅದು ಬಹಳ ಒಳ್ಳೆಯ ಕೆಲಸ.

ಏನನ್ನು ಕಲಿಸುವುದು ಎಂದು ಹಲವರು ನನ್ನನ್ನು ಕೇಳುತ್ತಾರೆ. "ಈ ಎಲೆ ಹಸುರಾಗಿದೆ", "ರಾಮನು ಶಾಲೆಗೆ ಹೋಗುತ್ತಾನೆ" ಎಂಬ ವಾಕ್ಯಗಳನ್ನು ಹಿಡಿದು ಕುಳಿತರೆ ದುಡಿದು ಬಂದವರಿಗೆ ತೂಕಡಿಕೆ ಬರುವುದು ಸಹಜ. ಮನಸ್ಸನ್ನು ಎಳೆಯುವ ವಿಷಯ ಬೇಕು, ಅದಕ್ಕೆ ಖರ್ಚೂ ಇರಬಾರದು. ಆಕಾಶ ಅಂಥ ವಿಷಯ. ಪಟ್ಟಣದವರಿಗೆ ದೀಪದ ಬೆಳಕಿನಲ್ಲಿ ನಾಲ್ಕು ಚುಕ್ಕಿ ಕಂಡರೆ ಹೆಚ್ಚು. ನಮ್ಮ ಕಣದಲ್ಲಿ ನಿಂತರೆ ಸಾವಿರಾರು ಕಾಣುತ್ತವೆ. ಹಾರುವ ತಟ್ಟೆ, ಬೇರೆ ಲೋಕದ ಜೀವಿ ಎಂಬ ಸುದ್ದಿ ಮೊಬೈಲಿನಲ್ಲಿ ಬಂದರಂತೂ ಮುದುಕರಿಂದ ಮಕ್ಕಳವರೆಗೆ ಎಲ್ಲರ ಕಿವಿಯೂ ನಿಮಿರುತ್ತದೆ. ಈ ಕುತೂಹಲವನ್ನೇ ಪಾಠಕ್ಕೆ ಹೂಡುವ ಬಗೆಯನ್ನು ಈ ಲೇಖನದಲ್ಲಿ ತಿಳಿಸುತ್ತೇನೆ.

ಬಾಯಲ್ಲಿರುವ ಮಾತಿನಿಂದ ಪ್ರಾರಂಭ

ಮೊದಲನೆಯ ದಿನ ಹೊಸ ಪದವನ್ನು ಕಲಿಸಲೇಬೇಡಿ. ಗೊತ್ತಿರುವುದನ್ನು ಕೇಳಿ ಕರಿಹಲಗೆಯ ಮೇಲೆ ಬರೆಯಿರಿ. ದೀಪಾವಳಿಗೆ ಹಾರಿಸುವ ರಾಕೆಟ್ ಗೊತ್ತು. ಸಿನಿಮಾದ ಸ್ಟಾರ್ ಗೊತ್ತು. ಮನೆಯ ಮೇಲಿನ ಡಿಶ್ ಗೊತ್ತು, ಅದಕ್ಕೆ ಚಿತ್ರ ಕಳಿಸುವ ಸ್ಯಾಟಲೈಟ್ ಗೊತ್ತು. ಸಿಗ್ನಲ್, ಲೈಟ್, ಟವರ್, ಡ್ರೋನ್ ಇವೂ ಗೊತ್ತು. ಒಂದು ಅಕ್ಷರವನ್ನೂ ಕಲಿಯದ ಅಜ್ಜಿಯ ಬಾಯಲ್ಲಿ ಕೂಡ ಇಂಥ ಹತ್ತು ಪದ ಇರುತ್ತವೆ. "ನನಗೆ ಇಂಗ್ಲಿಷ್ ಬಾರದು" ಎಂಬ ಮಾತು ಅಲ್ಲಿಗೆ ಅರ್ಧ ಸುಳ್ಳಾಯಿತು.

ಎರಡನೆಯ ಹೆಜ್ಜೆಯಲ್ಲಿ ಆ ಪದಗಳ ಇನ್ನೊಂದು ಮುಖವನ್ನು ತೋರಿಸಬೇಕು. ಸ್ಪೇಸ್ ಎಂಬ ಪದವನ್ನು ತೆಗೆದುಕೊಳ್ಳಿ. ಸಾಲಿನಲ್ಲಿ ಬಿತ್ತುವ ರಾಗಿಗೆ ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್ ಅಂತರ ಬಿಡಿ ಎಂದು ಹೇಳುತ್ತೇವೆ. ಆ ಅಂತರಕ್ಕೆ ಇಂಗ್ಲಿಷಿನಲ್ಲಿ ಸ್ಪೇಸಿಂಗ್ ಎಂದು ಹೆಸರು. ಸ್ಪೇಸ್ ಎಂದರೆ ನಡುವಣ ತೆರಪು. ಭೂಮಿಗೂ ಚಂದ್ರನಿಗೂ, ಸೂರ್ಯನಿಗೂ ನಕ್ಷತ್ರಗಳಿಗೂ ನಡುವೆ ಇರುವ ಮಹಾ ತೆರಪಿಗೂ ಅದೇ ಹೆಸರು. ನಮ್ಮ ಅಂತರಿಕ್ಷ ಎಂಬ ಪದದ ಒಳಗೂ ನಡುವಣ ಎಂಬ ಅರ್ಥವೇ ಇದೆ. ಹೀಗೆ ಹೇಳಿದರೆ ರೈತನಾದವನು ಆ ಪದವನ್ನು ಮರೆಯಲಾರನು.

ಲ್ಯಾಂಡ್ ಎಂದರೆ ಜಮೀನು ಎಂಬುದು ಪಹಣಿಗಾಗಿ ಓಡಾಡಿದವರಿಗೆಲ್ಲ ತಿಳಿದಿದೆ. ಅದೇ ಪದ ಕ್ರಿಯೆಯಾದಾಗ ನೆಲಕ್ಕೆ ಇಳಿಯುವುದು ಎಂದಾಗುತ್ತದೆ. ಇಳಿಯುವ ಯಂತ್ರ ಲ್ಯಾಂಡರ್. ನಮ್ಮ ದೇಶದ ಚಂದ್ರಯಾನ-3 ಶ್ರೀಹರಿಕೋಟಾದಿಂದ 2023ರ ಜುಲೈ 14ರಂದು ಹೊರಟು ಆಗಸ್ಟ್ 23ರಂದು ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲದಲ್ಲಿ ಇಳಿಯಿತಲ್ಲವೆ? ಇಳಿದದ್ದು ವಿಕ್ರಮ್ ಎಂಬ ಲ್ಯಾಂಡರ್. ಅದರೊಳಗಿಂದ ಹೊರಬಂದು ಓಡಾಡಿದ್ದು ಪ್ರಜ್ಞಾನ್ ಎಂಬ ರೋವರ್. ಆ ಕೆಲಸದ ಹತೋಟಿ ಬೆಂಗಳೂರಿನಲ್ಲಿತ್ತು. ದೂರದ ನೌಕೆಗಳ ಸಂಕೇತ ಹಿಡಿಯುವ 32 ಮೀಟರ್ ಅಗಲದ ದೊಡ್ಡ ಬಟ್ಟಲು ಬೆಂಗಳೂರಿನ ಹತ್ತಿರದ ಬ್ಯಾಲಾಳು ಎಂಬ ಹಳ್ಳಿಯಲ್ಲಿದೆ. ಆ ಬಟ್ಟಲಿಗೆ ಆಂಟೆನಾ ಎಂದು ಹೆಸರು. ನಮ್ಮ ಮಹಡಿಯ ಡಿಶ್ಶಿಗೆ ಅದು ಹಿರಿಯಣ್ಣ.

ಆರ್ಬಿಟ್ ಎಂಬ ಪದಕ್ಕೆ ಚಿತ್ರ ಬರೆಯುವ ಅಗತ್ಯವಿಲ್ಲ. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಜಾಡನ್ನು ನೆನಪಿಗೆ ತಂದುಕೊಡಿ, ಅದೇ ಆರ್ಬಿಟ್. ಮೇಟಿ ಭೂಮಿಯಾದರೆ ಎತ್ತು ಸ್ಯಾಟಲೈಟ್.

ಉಚ್ಚಾರಣೆಗೆ ಒಂದು ಎಚ್ಚರಿಕೆ. ರಾಕೆಟ್ ಹಾರಿಸುವುದು ಲಾಂಚ್. ಮಧ್ಯಾಹ್ನದ ಊಟ ಲಂಚ್. ಇವೆರಡನ್ನೂ ಚೆನ್ನಾಗಿ ಬೇರೆ ಮಾಡಿ ನುಡಿಸಬೇಕು. ಮೂರನೆಯದಾದ ಲಂಚ ಕನ್ನಡದ ಮಾತು, ಅದನ್ನು ಯಾರೂ ಕಲಿಯುವುದು ಬೇಡ ಎಂದರೆ ತರಗತಿಯೆಲ್ಲ ನಗುತ್ತದೆ. ನಕ್ಕವರು ಪದವನ್ನು ಮರೆಯುವುದಿಲ್ಲ.

ಕಣ್ಣಿಗೆ ಕಂಡದ್ದಕ್ಕೆ ಹೆಸರು

ಎರಡನೆಯ ಪಾಠವನ್ನು ಬಯಲಿನಲ್ಲಿ ಮಾಡಿ. ದೀಪ ಆರಿಸಿ ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ. ಬೆರಳು ತೋರಿಸಿ ಒಂದೊಂದೇ ಹೆಸರು ಹೇಳಿಸಿರಿ.

ಸೂರ್ಯ ಸನ್, ಚಂದ್ರ ಮೂನ್. ಇವು ನಮಗೆ ಒಂದೊಂದೇ ಇರುವುದರಿಂದ "ದ ಸನ್", "ದ ಮೂನ್" ಎನ್ನಬೇಕು. ನಕ್ಷತ್ರಗಳು ಅಸಂಖ್ಯ; ಆದುದರಿಂದ ಯಾವುದೋ ಒಂದನ್ನು ಕಂಡಾಗ "ಎ ಸ್ಟಾರ್". ಪುಸ್ತಕದಲ್ಲಿ ಎರಡು ಪುಟ ಹಿಡಿಯುವ ಈ ನಿಯಮ ಆಕಾಶದ ಕೆಳಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಗ್ರಹಕ್ಕೆ ಪ್ಲಾನೆಟ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಈ ಪದದ ಮೂಲಕ್ಕೆ ಅಲೆಯುವವನು ಎಂದು ಅರ್ಥ. ನಕ್ಷತ್ರಗಳು ತಮ್ಮ ಗುಂಪು ಬಿಡುವುದಿಲ್ಲ. ಗ್ರಹಗಳು ತಿಂಗಳಿಂದ ತಿಂಗಳಿಗೆ ಅವುಗಳ ನಡುವೆ ಅಲೆಯುತ್ತವೆ. ನಮ್ಮ ಹಿರಿಯರು "ಬೆಳ್ಳಿ ಮೂಡಿತು, ಏಳು" ಎಂದು ಬೆಳಗಿನ ಜಾವದಲ್ಲಿ ಎಬ್ಬಿಸುತ್ತಿದ್ದರಲ್ಲ, ಆ ಬೆಳ್ಳಿ ನಕ್ಷತ್ರವಲ್ಲ, ಶುಕ್ರಗ್ರಹ. ಇಂಗ್ಲಿಷಿನಲ್ಲಿ ವೀನಸ್. ಗುರುಗ್ರಹ ಜ್ಯುಪಿಟರ್. ಈ ಎರಡು ಹೆಸರನ್ನು ಗಟ್ಟಿಮಾಡಿಸಿ, ಮುಂದೆ ಬೇಕಾಗುತ್ತವೆ.

ಬಾಲಚುಕ್ಕಿಗೆ ಕಾಮೆಟ್ ಎನ್ನುತ್ತಾರೆ. ಅದರ ಮೂಲಕ್ಕೆ ಉದ್ದಗೂದಲಿನದು ಎಂದು ಅರ್ಥ. ನಮ್ಮವರು ಅದೇ ಬಾಲವನ್ನು ಹೊಗೆಯ ಬಾವುಟವೆಂದು ಕಂಡು ಧೂಮಕೇತು ಎಂದರು. ಹ್ಯಾಲಿ ಎಂಬ ಧೂಮಕೇತು 1986ರಲ್ಲಿ ಬಂದುಹೋಯಿತು; ಮತ್ತೆ ಬರುವುದು 2061ರಲ್ಲಿ. ನಿಮ್ಮ ತರಗತಿಯ ಮಕ್ಕಳು ಅದನ್ನು ನೋಡಬಹುದು.

ಉರಿದು ಬೀಳುವ ಚುಕ್ಕಿ, ಅಂದರೆ ಉಲ್ಕೆಗೆ ಮೀಟಿಯರ್ ಎನ್ನುವರು. ಮೇಲೆ ಇರುವಂಥದು ಎಂಬುದು ಆ ಪದದ ಹಳೆಯ ಅರ್ಥ. ಮಳೆ ಗಾಳಿಗಳೂ ಮೇಲಿನವೇ ಆದುದರಿಂದ ಹವಾಮಾನ ಶಾಸ್ತ್ರಕ್ಕೆ ಮೀಟಿಯರಾಲಜಿ ಎಂಬ ಹೆಸರು ಬಂತು. ಮಳೆ ಬರುವುದೋ ಇಲ್ಲವೋ ಎಂದು ನಾವು ಕೇಳುವ ಇಲಾಖೆಯ ಇಂಗ್ಲಿಷ್ ಹೆಸರಿನಲ್ಲಿ ಈ ಪದವೇ ಇದೆ.

ಡ್ರೋನ್ ಎಂಬ ಪದವೂ ಸ್ವಾರಸ್ಯವಾದುದು. ಜೇನು ಸಾಕುವವರಿಗೆ ಡ್ರೋನ್ ಎಂದರೆ ಗಂಡುಜೇನು. ಈಗ ಹೊಲದ ಮೇಲೆ ಔಷಧ ಸಿಂಪಡಿಸುತ್ತಾ ಗುಂಯ್‌ಗುಟ್ಟುವ ಯಂತ್ರಕ್ಕೂ ಅದೇ ಹೆಸರು.

ಯು.ಎಫ್.ಓ. ಎಂದರೇನು?

ಈಗ ಎಲ್ಲರೂ ಕಾದಿರುವ ಪದಕ್ಕೆ ಬರೋಣ. ಯು.ಎಫ್.ಓ. ಎಂದೊಡನೆ ಬೇರೆ ಲೋಕದ ವಿಮಾನ ಎಂದು ನೂರಕ್ಕೆ ತೊಂಬತ್ತು ಮಂದಿ ಹೇಳುತ್ತಾರೆ. ಅದು ತಪ್ಪು. ಪದವನ್ನು ಬಿಡಿಸಿ ನೋಡೋಣ.

ನಿಮ್ಮ ಕಿಸೆಯಲ್ಲಿ ಮತದಾರರ ಐಡಿ ಕಾರ್ಡು ಇದೆ. ಐಡಿ ಎಂಬುದು ಐಡೆಂಟಿಟಿ ಎಂಬುದರ ಮೊಟಕು, ಅಂದರೆ ಗುರುತು. ಐಡೆಂಟಿಫೈ ಎಂದರೆ ಗುರುತು ಹಿಡಿ. ಐಡೆಂಟಿಫೈಡ್ ಎಂದರೆ ಗುರುತು ಹಿಡಿದ. ಹಿಂದೆ ಅನ್ ಸೇರಿಸಿದರೆ ಅನ್‌ಐಡೆಂಟಿಫೈಡ್, ಗುರುತು ಹಿಡಿಯದ. ಫ್ಲೈಯಿಂಗ್ ಎಂದರೆ ಹಾರುವ. ಆಬ್ಜೆಕ್ಟ್ ಎಂದರೆ ವಸ್ತು. ಒಟ್ಟಿನಲ್ಲಿ ಗುರುತು ಹಿಡಿಯದ ಹಾರುವ ವಸ್ತು, ಐಡಿ ಕಾರ್ಡು ಇಲ್ಲದ ಅಪರಿಚಿತ. ಅಪರಿಚಿತನೊಬ್ಬ ಊರಿಗೆ ಬಂದರೆ ಯಾರೆಂದು ತಿಳಿಯದು ಎನ್ನಬಹುದೇ ಹೊರತು ಕಳ್ಳನೇ ಎಂದು ಹೇಳಕೂಡದು. ಹಾಗೆಯೇ ಇದೂ.

ಒಂದೇ ಪದದಿಂದ ಎಷ್ಟು ಫಲ ನೋಡಿ. ಅನ್ ಎಂಬುದನ್ನು ಕಲಿತವನು ಅನ್‌ನೋನ್, ಅನ್‌ಸೇಫ್, ಅನ್‌ಪೇಯ್ಡ್ ಎಂಬುವನ್ನು ತಾನೇ ಬಿಡಿಸುತ್ತಾನೆ. ಕೊನೆಯದು ವಿದ್ಯುತ್ ಬಿಲ್ಲಿನಲ್ಲಿಯೂ ಬರುತ್ತದೆ.

ಇದರಲ್ಲಿ ಇನ್ನೊಂದು ವ್ಯಾಕರಣ ಪಾಠವೂ ಅಡಗಿದೆ. "ಆ್ಯನ್ ಅನ್‌ಐಡೆಂಟಿಫೈಡ್ ಫ್ಲೈಯಿಂಗ್ ಆಬ್ಜೆಕ್ಟ್" ಎನ್ನಬೇಕು, ಆದರೆ "ಎ ಯು.ಎಫ್.ಓ." ಎನ್ನಬೇಕು. ಬರೆಯುವಾಗ ಎರಡೂ ಒಂದೇ ಅಕ್ಷರದಿಂದ ಪ್ರಾರಂಭವಾಗುತ್ತವೆ. ನುಡಿಯುವಾಗ ಮಾತ್ರ ಒಂದು ಅ ಎಂಬ ಸ್ವರದಿಂದ, ಇನ್ನೊಂದು ಯ ಎಂಬ ವ್ಯಂಜನದಿಂದ. ಎ, ಆ್ಯನ್ ಇವು ಕಿವಿಯನ್ನು ಕೇಳುತ್ತವೆ, ಕಣ್ಣನ್ನಲ್ಲ. ಪರೀಕ್ಷೆಯಲ್ಲಿ ಹಲವರು ತಪ್ಪುವುದು ಇಲ್ಲಿಯೇ.

ಈಚೆಗೆ ಅಮೆರಿಕದ ಸರ್ಕಾರಿ ಸಂಸ್ಥೆಗಳು ಯು.ಎಫ್.ಓ. ಬದಲು ಯು.ಎ.ಪಿ. ಎಂಬ ಹೆಸರನ್ನು ಬಳಸುತ್ತಿವೆ. ಕಂಡದ್ದೆಲ್ಲ ಹಾರುವ ವಸ್ತುವೇ ಆಗಿರಬೇಕಾಗಿಲ್ಲ, ಬರಿಯ ಬೆಳಕೂ ಆಗಿರಬಹುದು ಎಂಬುದು ಇದರ ಒಂದು ಕಾರಣ.

ಒಂದು ಮಾತು ತಟ್ಟೆಯಾದ ಕಥೆ

ಪದವನ್ನು ಅಜಾಗರೂಕತೆಯಿಂದ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಹಾರುವ ತಟ್ಟೆಯೇ ಸಾಕ್ಷಿ. 1947ರ ಜೂನ್ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕೆನೆತ್ ಆರ್ನಾಲ್ಡ್ ಎಂಬ ವರ್ತಕನು ತನ್ನ ಸಣ್ಣ ವಿಮಾನವನ್ನು ನಡೆಸಿಕೊಂಡು ಹೋಗುತ್ತಿದ್ದನು. ರೇನಿಯರ್ ಪರ್ವತದ ಬಳಿ 9 ಹೊಳೆಯುವ ವಸ್ತುಗಳು ಅತಿ ವೇಗವಾಗಿ ಹೋಗುವುದನ್ನು ಕಂಡನು. ನೀರಿನ ಮೇಲೆ ಸಾಸರನ್ನು ಎಸೆದರೆ ಹೇಗೆ ಪುಟಿಯುತ್ತ ಹೋಗುವುದೋ ಹಾಗೆ ಅವು ಚಲಿಸಿದವು ಎಂದು ಅವನು ಹೇಳಿದನು. ನಮ್ಮ ಹುಡುಗರು ಕೆರೆಯಲ್ಲಿ ಚಪ್ಪಟೆ ಕಲ್ಲು ಬೀಸಿ ಪುಟಿಸುತ್ತಾರಲ್ಲ, ಅಂಥ ಓಟ.

ಅವನು ಹೇಳಿದ್ದು ಓಟದ ರೀತಿಯನ್ನು. ಪತ್ರಿಕೆಗಳು ಬರೆದದ್ದು ಫ್ಲೈಯಿಂಗ್ ಸಾಸರ್, ಹಾರುವ ತಟ್ಟೆ ಎಂದು. ಹೋಲಿಕೆಯ ಮಾತು ಆಕಾರದ ಹೆಸರಾಯಿತು. ಅಲ್ಲಿಂದ ಮುಂದೆ ಕೆಲವೇ ವಾರಗಳಲ್ಲಿ ನೂರಾರು ಮಂದಿ ತಟ್ಟೆಗಳನ್ನೇ ಕಂಡರು. ಹೆಸರು ಮೊದಲು ಬಂದು ನೋಟ ಆಮೇಲೆ ಬಂತು.

ಆ ದೇಶದ ವಾಯುಪಡೆ ಇಂಥ ವರದಿಗಳನ್ನು ಪರೀಕ್ಷಿಸಲು ಒಂದು ಯೋಜನೆಯನ್ನು ನಡೆಸಿ 1969ರಲ್ಲಿ ಮುಗಿಸಿತು. ಅದಕ್ಕೆ ಬ್ಲೂ ಬುಕ್ ಎಂದು ಹೆಸರು. ಯು.ಎಫ್.ಓ. ಎಂಬ ಪದವನ್ನು ಬಳಕೆಗೆ ತಂದವನು ಆ ಯೋಜನೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ರಪ್ಪೆಲ್ಟ್. ಬಂದ ವರದಿಗಳು 12,618. ಕೊನೆಗೂ ಗುರುತು ಹಿಡಿಯಲಾಗದೆ ಉಳಿದವು 701. ನೂರಕ್ಕೆ ಐದೂವರೆ. ಉಳಿದವೆಲ್ಲ ಗ್ರಹ, ನಕ್ಷತ್ರ, ಬಲೂನು, ವಿಮಾನ, ಮೋಸ ಮುಂತಾದವು. ಗುರುತು ಸಿಗದೆ ಉಳಿದವು ಬೇರೆ ಲೋಕದವೇ ಎನ್ನಲು ಆಧಾರ ಸಿಗಲಿಲ್ಲ. ನಾಸಾ ಸಂಸ್ಥೆ ನೇಮಿಸಿದ ತಜ್ಞರ ತಂಡವೂ 2023ರ ಸೆಪ್ಟೆಂಬರಿನಲ್ಲಿ ಅಂಥ ಸಾಕ್ಷ್ಯವಿಲ್ಲವೆಂದೇ ಹೇಳಿ, ಚೆನ್ನಾಗಿ ಅಳೆದು ಬರೆದ ಮಾಹಿತಿ ಬೇಕು ಎಂದಿತು.

ಕಂಡದ್ದು, ತೋರಿದ್ದು, ಕೇಳಿದ್ದು

ಈ ಪಾಠದ ತಿರುಳು ಇಲ್ಲಿದೆ. ಕಲಿಯುವವರಿಗೆ ಮೂರು ಬಗೆಯ ವಾಕ್ಯಗಳನ್ನು ಬೇರೆ ಬೇರೆಯಾಗಿ ಅಭ್ಯಾಸ ಮಾಡಿಸಿ.

ಒಂದು, ಕಣ್ಣಾರೆ ಕಂಡದ್ದು. "ಐ ಸಾ ಎ ಲೈಟ್." ನಾನು ಒಂದು ಬೆಳಕನ್ನು ಕಂಡೆ.

ಎರಡು, ತೋರಿದ್ದು. "ಇಟ್ ಲುಕ್ಡ್ ಲೈಕ್ ಎ ಪ್ಲೇಟ್." ಅದು ತಟ್ಟೆಯ ಹಾಗೆ ಕಂಡಿತು. "ಇಟ್ ವಾಸ್ ಎ ಪ್ಲೇಟ್" ಎಂದರೆ ತಟ್ಟೆಯೇ ಆಗಿತ್ತು ಎಂದಾಗಿಬಿಡುತ್ತದೆ. ಲುಕ್ಡ್ ಲೈಕ್ ಎಂಬ ಎರಡು ಪದಗಳು ಹೊಲದ ಬದುವಿನಂತೆ. ಅವನ್ನು ಕಿತ್ತರೆ ನಮ್ಮದಲ್ಲದ ಜಾಗಕ್ಕೆ ಕಾಲಿಟ್ಟ ಹಾಗೆ.

ಮೂರು, ಕೇಳಿದ್ದು. ಕನ್ನಡದಲ್ಲಿ ಇದಕ್ಕೆ ಅಂತೆ ಎಂಬ ಸಣ್ಣ ಮಾತು ಸಾಕು: "ಪಕ್ಕದೂರಿನಲ್ಲಿ ಇಳಿಯಿತಂತೆ." ನಾನು ನೋಡಲಿಲ್ಲ, ಯಾರೋ ಹೇಳಿದರು ಎಂಬುದೆಲ್ಲ ಅದರಲ್ಲಿ ಬಂದಿತು. ಇಂಗ್ಲಿಷಿನಲ್ಲಿ ಅಂತೆಗೆ ಸಮನಾದ ಪ್ರತ್ಯಯವಿಲ್ಲ. ಆದುದರಿಂದ "ದೇ ಸೇ ಇಟ್ ಲ್ಯಾಂಡೆಡ್", ಅಥವಾ "ಐ ಹರ್ಡ್ ದ್ಯಾಟ್ ಇಟ್ ಲ್ಯಾಂಡೆಡ್" ಎಂದು ಮುಂದೆ ಬೇರೆ ಪದ ಸೇರಿಸಬೇಕು. ನಮ್ಮವರು ತರ್ಜುಮೆ ಮಾಡುವಾಗ ಅಂತೆಯನ್ನು ಕೈಬಿಟ್ಟು ಬರಿಯ "ಇಟ್ ಲ್ಯಾಂಡೆಡ್" ಎಂದು ಬರೆಯುತ್ತಾರೆ. ಆಗ ಕೇಳಿದ ಸುದ್ದಿ ಕಂಡ ಸತ್ಯವಾಗಿಬಿಡುತ್ತದೆ. ವ್ಯಾಕರಣದ ತಪ್ಪು ಹಾಗೆ ಸುಳ್ಳಿಗೂ ದಾರಿಯಾಗುತ್ತದೆ.

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂಬ ಗಾದೆ ನಮ್ಮಲ್ಲಿ ಉಂಟಷ್ಟೆ. ಕಂಡದ್ದನ್ನೇ ಪ್ರಮಾಣಿಸಬೇಕಾದರೆ ಅಂತೆಕಂತೆಯನ್ನು ಎಷ್ಟು ಸಲ ಜರಡಿ ಹಿಡಿಯಬೇಕು!

ಸೈನಿಕರೂ ಬೆಳ್ಳಿಯೂ

ಗುರುತು ಹಿಡಿಯುವುದು ಬಲ್ಲವರಿಗೂ ಕಷ್ಟ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. 2012ರ ಆಗಸ್ಟಿನಿಂದ 2013ರ ಫೆಬ್ರುವರಿಯವರೆಗೆ ಲಡಾಖಿನ ಗಡಿಯಲ್ಲಿ ನಮ್ಮ ಸೈನಿಕರು ಒಂದು ಸರೋವರದ ಮೇಲೆ ಬೆಳಗುವ ವಸ್ತುಗಳನ್ನು 329 ಸಲ ಕಂಡು ಬರೆದಿಟ್ಟರು. ಅವು ಚೀನದ ಗೂಢಚರ್ಯೆಯ ಡ್ರೋನುಗಳಿರಬೇಕು ಎಂಬ ಅನುಮಾನ ಹುಟ್ಟಿತು. ಗಡಿಯಲ್ಲಿ ಇಂಥ ಅನುಮಾನ ಸಣ್ಣದಲ್ಲ. ಒಂದು ಗುಂಡು ಹಾರಿದರೆ ಏನಾಗುವುದೆಂದು ಹೇಳಲಾಗದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದರು. ಸುತ್ತಲಿನ ನಕ್ಷತ್ರಗಳಿಗೆ ಹೋಲಿಸಿ ಆ ವಸ್ತುಗಳು ಹೇಗೆ ಚಲಿಸುತ್ತವೆ ಎಂಬುದನ್ನು ಬರೆದು ತಿಳಿಸಿ ಎಂದು ವಿಜ್ಞಾನಿಗಳು ಹೇಳಿದರು. ಆ ವಿವರ ಬಂದ ಮೇಲೆ ಗುರುತು ಸಿಕ್ಕಿತು. ಒಂದು ಜ್ಯುಪಿಟರ್, ಇನ್ನೊಂದು ವೀನಸ್, ನಮ್ಮ ಬೆಳ್ಳಿ.

ಇದನ್ನು ಸೈನಿಕರನ್ನು ನಗಲು ಹೇಳಲಿಲ್ಲ. ಅಷ್ಟು ಎತ್ತರದ ತಿಳಿಗಾಳಿಯಲ್ಲಿ ಗ್ರಹಗಳು ಬಹಳ ಪ್ರಕಾಶವಾಗಿ ಕಾಣುತ್ತವೆ. ಅವರು ಕಂಡದ್ದನ್ನು ಕಂಡ ಹಾಗೆ ಬರೆದಿಟ್ಟಿದ್ದರಿಂದಲೇ ಸತ್ಯ ಹೊರಬಂತು.

ನಮ್ಮ ಊರುಗಳಲ್ಲಿ ಇದರಿಂದ ಪ್ರಯೋಜನವೇನು?

ನಾನು ತಿರುಗುವ ಹಳ್ಳಿಗಳಲ್ಲಿ ಒಂದರಲ್ಲಿ ಹಿಂದಿನ ಬೇಸಿಗೆಯಲ್ಲಿ ಸಂಜೆಗತ್ತಲಲ್ಲಿ ಆಕಾಶದ ಮೇಲೆ ದೀಪಗಳ ಸಾಲೊಂದು ರೈಲಿನಂತೆ ಹಾದುಹೋಯಿತು. ಮಾರನೆಯ ದಿನ ಮೊಬೈಲಿನಲ್ಲಿ ಇಂಗ್ಲಿಷಿನ ಒಂದು ಸಾಲು ಹರಿದಾಡಿತು. ಏಲಿಯನ್ ಎಂಬ ಒಂದು ಪದ ಮಾತ್ರ ಎಲ್ಲರಿಗೂ ಅರ್ಥವಾಯಿತು. ನಾಲ್ಕು ರಾತ್ರಿ ಯಾರೂ ತೋಟಕ್ಕೆ ಹೋಗಲಿಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಬರುವುದು ರಾತ್ರಿಯಲ್ಲಿ. ಟೊಮೇಟೊ ಹೂ ಕಟ್ಟುವ ಸಮಯ. ನೀರಿಲ್ಲದೆ ಹೂ ಉದುರಿತು. ಸಾಲ ಮಾಡಿ ನಾಟಿ ಮಾಡಿದವರಿಗೆ ಆ ನಾಲ್ಕು ರಾತ್ರಿಯ ಬೆಲೆ ಏನೆಂಬುದು ಗೊತ್ತು.

ಆ ಸಾಲನ್ನು ಬಿಡಿಸಿದವಳು ಸಂಜೆ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗಿ. ಹತ್ತನೆಯ ತರಗತಿಯ ಇಂಗ್ಲಿಷಿನಲ್ಲಿ ಎರಡು ಸಲ ತಪ್ಪಿದವಳು. ಮೊಬೈಲಿನ ವಾಕ್ಯದಲ್ಲಿ ನಾಟ್ ಎಂಬ ಪದ ಇರುವುದನ್ನು ಅವಳು ತೋರಿಸಿದಳು: "ನಾಟ್ ಏಲಿಯನ್ಸ್, ಬಟ್ ಸ್ಯಾಟಲೈಟ್ಸ್." ಏಲಿಯನ್ ಅಲ್ಲ, ಸ್ಯಾಟಲೈಟುಗಳು ಎಂದೇ ಅಲ್ಲಿ ಬರೆದಿತ್ತು! ಐದನೆಯ ರಾತ್ರಿ ಮೊದಲು ಮೋಟಾರು ಹಾಕಿದ್ದು ಅವಳ ತಂದೆ.

ಆ ಸಾಲಿನ ಸಂಗತಿ ಇಷ್ಟೆ. ಸ್ಟಾರ್‌ಲಿಂಕ್ ಎಂಬ ಅಮೆರಿಕದ ಉಪಗ್ರಹಗಳನ್ನು 2019ರಿಂದ ಗುಂಪುಗುಂಪಾಗಿ ಹಾರಿಸುತ್ತಿದ್ದಾರೆ. ಆ ವರ್ಷದ ಮೇ ತಿಂಗಳಿನ ಗುಂಪಿನಲ್ಲಿ 60 ಇದ್ದವು. ಹಾರಿಸಿದ ಕೆಲವು ದಿನ ಅವು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಅವುಗಳಲ್ಲಿ ದೀಪವಿಲ್ಲ. ನಮಗೆ ಹೊತ್ತು ಮುಳುಗಿದ ಮೇಲೂ ಬೆಟ್ಟದ ತುದಿಗೆ ಬಿಸಿಲು ತಾಗುತ್ತಿರುತ್ತದಲ್ಲ, ಹಾಗೆ ಅಷ್ಟು ಎತ್ತರದ ಉಪಗ್ರಹಕ್ಕೆ ಬಿಸಿಲು ತಾಗಿ ಹೊಳೆಯುತ್ತದೆ.

ಬೆಳಕು ಕಂಡಾಗ ಕೇಳತಕ್ಕ ಪ್ರಶ್ನೆಗಳು

ತರಗತಿಯಲ್ಲಿ ಒಬ್ಬರನ್ನು ಕಂಡವರಾಗಿಯೂ ಇನ್ನೊಬ್ಬರನ್ನು ಕೇಳುವವರಾಗಿಯೂ ನಿಲ್ಲಿಸಿ ಈ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಕೇಳಿಸಿರಿ.

1. ವೆನ್? ಯಾವಾಗ? ಗಡಿಯಾರದ ಹೊತ್ತನ್ನೇ ಹೇಳಬೇಕು.

2. ವೇರ್? ಯಾವ ದಿಕ್ಕಿನಲ್ಲಿ? ಈಸ್ಟ್, ವೆಸ್ಟ್, ನಾರ್ತ್, ಸೌತ್ ಇಲ್ಲಿಯೇ ಕಲಿಸಿ.

3. ಹೌ ಲಾಂಗ್? ಎಷ್ಟು ಹೊತ್ತು? ಒಂದೆರಡು ಸೆಕೆಂಡಾದರೆ ಬಹುಶಃ ಮೀಟಿಯರ್. ಕೆಲವು ನಿಮಿಷದಲ್ಲಿ ಆಕಾಶ ದಾಟಿದರೆ ಸ್ಯಾಟಲೈಟ್. ಒಂದು ಗಂಟೆಯಾದರೂ ನಕ್ಷತ್ರಗಳ ಜೊತೆಯಲ್ಲೇ ಸರಿದರೆ ಪ್ಲಾನೆಟ್ ಅಥವಾ ಸ್ಟಾರ್.

4. ವಾಟ್ ಕಲರ್? ಯಾವ ಬಣ್ಣ? ಕೆಂಪು ಹಸುರು ದೀಪ ಮಿಣಿಕಿದರೆ ವಿಮಾನ ಅಥವಾ ಡ್ರೋನ್.

5. ಡಿಡ್ ಇಟ್ ಟ್ವಿಂಕಲ್? ಮಿನುಗಿತೆ? ನಕ್ಷತ್ರ ಮಿನುಗುತ್ತದೆ, ಗ್ರಹ ಸಾಮಾನ್ಯವಾಗಿ ಸ್ಥಿರವಾಗಿ ಬೆಳಗುತ್ತದೆ.

6. ಡಿಡ್ ಯು ಹಿಯರ್ ಎ ಸೌಂಡ್? ಸದ್ದು ಕೇಳಿತೆ?

7. ಹೂ ಎಲ್ಸ್ ಸಾ ಇಟ್? ಇನ್ನಾರು ಕಂಡರು?

ಇವಕ್ಕೆ ಉತ್ತರವಾಗಿ ಏಳು ಚಿಕ್ಕ ವಾಕ್ಯ ಬರೆದರೆ ಅದೇ ಒಂದು ಒಳ್ಳೆಯ ಇಂಗ್ಲಿಷ್ ವರದಿ. ಬೈಕು ಕಳುವಾದಾಗ ಬರೆಯುವ ದೂರಿಗೂ, ಬೆಳೆಯ ರೋಗದ ವಿಷಯ ಕೃಷಿ ಅಧಿಕಾರಿಗೆ ಬರೆಯುವ ಕಾಗದಕ್ಕೂ ಇದೇ ಅಚ್ಚು ಸಾಕಾಗುತ್ತದೆ.

ಮೇಲಿಂದ ಏನಾದರೂ ಬಿದ್ದರೆ

ಇದು ಪ್ರಾಣಕ್ಕೆ ಸಂಬಂಧಪಟ್ಟ ಪಾಠ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರವಿದೆ. ಅಲ್ಲಿಂದ ತೆಳುವಾದ ಪ್ಲಾಸ್ಟಿಕ್ಕಿನ ಭಾರಿ ಬಲೂನುಗಳನ್ನು ಹೈಡ್ರೋಜನ್ ತುಂಬಿ ಹಾರಿಸುತ್ತಾರೆ. ಅವು 30 ಕಿಲೋಮೀಟರಿಗೂ ಮೇಲೇರಿ, ಆಮೇಲೆ ಉಪಕರಣಗಳು ಪ್ಯಾರಾಚೂಟಿನಲ್ಲಿ ಕೆಳಗಿಳಿಯುತ್ತವೆ. ಗಾಳಿ ಬೀಸಿದಂತೆ ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರದ ಹೊಲಗಳಲ್ಲಿ ಬೀಳಬಹುದು. 2025ರ ಜನವರಿಯಲ್ಲಿ ಬೀದರ ಜಿಲ್ಲೆಯ ಹುಮನಾಬಾದ ತಾಲೂಕಿನ ಜಲಸಂಗಿಯಲ್ಲಿ ಇಂಥದೊಂದು ಬಿದ್ದು ಜನ ಗಾಬರಿಯಾದರು. ಇನ್ನು 2022ರ ಏಪ್ರಿಲ್ 2ರಂದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಸುಮಾರು 3 ಮೀಟರ್ ಅಗಲದ ಲೋಹದ ಬಳೆ ಬಿದ್ದಿತು. ಅದು ಚೀನದ ರಾಕೆಟ್ಟಿನ ಭಾಗವೆಂದು ತಜ್ಞರು ಅಭಿಪ್ರಾಯಪಟ್ಟರು. ಇಂಥ ಚೂರುಗಳಿಗೆ ಡೆಬ್ರಿ ಎಂದು ಹೆಸರು; ಬರೆಯುವಾಗ ಕೊನೆಯಲ್ಲಿರುವ ಎಸ್ ಅಕ್ಷರವನ್ನು ನುಡಿಯಬಾರದು.

ವಿಜ್ಞಾನದ ಪೆಟ್ಟಿಗೆಯೊಳಗೆ ಹೆಚ್ಚಿನ ವೋಲ್ಟೇಜಿನ ವಿದ್ಯುತ್ತು ಇರಬಹುದು. ರಾಕೆಟ್ಟಿನ ಚೂರಿನಲ್ಲಿ ವಿಷದ ಇಂಧನ ಉಳಿದಿರಬಹುದು. ಗುಜರಿಗೆ ಹಾಕಿದರೆ ನಾಲ್ಕು ಕಾಸು ಬಂದೀತೆಂದು ಒಡೆಯಲು ಹೋಗಕೂಡದು. ದನ, ಮಕ್ಕಳನ್ನು ದೂರ ಇಟ್ಟು ಪೊಲೀಸರಿಗೆ ತಿಳಿಸಬೇಕು. ಆದುದರಿಂದ ಈ ಮಾತುಗಳನ್ನು ಪ್ರತಿಯೊಬ್ಬರೂ ಓದಲು ಕಲಿಯಲೇಬೇಕು: "ಡು ನಾಟ್ ಟಚ್" ಮುಟ್ಟಬೇಡಿ, "ಡು ನಾಟ್ ಓಪನ್" ತೆರೆಯಬೇಡಿ, "ಡೇಂಜರ್" ಅಪಾಯ, "ಹೈ ವೋಲ್ಟೇಜ್" ಹೆಚ್ಚಿನ ವಿದ್ಯುತ್ತು, "ಇನ್‌ಫಾರ್ಮ್ ದ ಪೊಲೀಸ್" ಪೊಲೀಸರಿಗೆ ತಿಳಿಸಿ. ಆಕಾಶದಿಂದ ನಿಮ್ಮ ಹೊಲಕ್ಕೆ ಏನೂ ಬೀಳದೆಯೇ ಹೋಗಬಹುದು. ಆದರೆ ಇದೇ ಮಾತುಗಳು ಟ್ರಾನ್ಸ್‌ಫಾರ್ಮರಿನ ಮೇಲೂ ಔಷಧದ ಡಬ್ಬಿಯ ಮೇಲೂ ದಿನವೂ ನಮ್ಮನ್ನು ಎಚ್ಚರಿಸುತ್ತಿವೆ.

ಪಾಠದ ಕ್ರಮ

ಒಂದು ಸಂಜೆಗೆ ಹತ್ತು ಪದಕ್ಕಿಂತ ಹೆಚ್ಚು ಬೇಡ. ಒತ್ತಾಗಿ ಬಿತ್ತಿದರೆ ಪೈರು ಬಡಕಲಾಗುತ್ತದೆ. ಕಲಿತ ಪದವನ್ನು ಮಾರನೆಯ ದಿನ ಕೇಳಿ, ವಾರಕ್ಕೆ ಕೇಳಿ, ತಿಂಗಳಿಗೆ ಮತ್ತೆ ಕೇಳಿ. ಮೂರು ಸಲ ಕಳೆ ತೆಗೆದ ಹೊಲದಂತೆ ಅದು ನಿಲ್ಲುತ್ತದೆ. ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕಣ್ಣು, ಕಡೆಗೆ ಕೈ ಎಂಬ ಕ್ರಮವನ್ನು ಬಿಡಬೇಡಿ. ತಪ್ಪು ನುಡಿದವರನ್ನು ನಗಬಾರದು, ನಗಲು ಬಿಡಲೂ ಬಾರದು. ಇಂಗ್ಲಿಷಿನ ಭಯಕ್ಕೆ ಮುಖ್ಯ ಕಾರಣ ಹಿಂದೆ ಎಂದೋ ಯಾರೋ ನಕ್ಕ ನಗುವೇ. ಕನ್ನಡದಲ್ಲಿ ವಿವರಿಸಲು ಸಂಕೋಚವೂ ಬೇಡ. ತಾಯಿನುಡಿಯಲ್ಲಿ ತಿಳಿದ ವಿಷಯಕ್ಕೆ ಇಂಗ್ಲಿಷ್ ಹೆಸರು ಬೇಗ ಅಂಟುತ್ತದೆ.

ಪ್ರತಿಯೊಬ್ಬರೂ ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ವಾಕ್ಯ ಬರೆಯಲಿ: ಇಂದು ಆಕಾಶದಲ್ಲಿ ಕಂಡದ್ದೇನು? ಚಂದ್ರ ಎಷ್ಟಿದ್ದ? ಬೆಳ್ಳಿ ಎಲ್ಲಿತ್ತು? ಒಂದು ತಿಂಗಳಿಗೆ 30 ವಾಕ್ಯ. ನಿಮ್ಮ ಊರಿನ ಯುವಕ ಸಂಘ, ಮಹಿಳಾ ಸಂಘದವರು ಈ ಅಮಾವಾಸ್ಯೆಯ ಆಸುಪಾಸಿನಲ್ಲಿಯೇ ತರಗತಿ ಪ್ರಾರಂಭಿಸಬಹುದು. ಕತ್ತಲೆ ಹೆಚ್ಚಿದ್ದಷ್ಟೂ ಚುಕ್ಕಿ ಹೆಚ್ಚು. ಕರಿಹಲಗೆ, ಸುಣ್ಣದ ಕಡ್ಡಿ, ಒಬ್ಬ ಓದಿದ ತರುಣ ಅಥವಾ ತರುಣಿ ಇದ್ದರೆ ಸಾಕು. ಚಾಪೆಯನ್ನು ಮನೆಯಿಂದ ತನ್ನಿ.